ಟೂಲ್‌ರೂಮಿನ ಲಾಲಮ್ಮ

ಲಾಲಮ್ಮನಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಹಾಲಿನವಳು ನೀರು ಬೆರೆಸುತ್ತಾಳೆ, ಪಕ್ಕದ ಮನೆಯವರು ತನ್ನ ಕೋಳಿಯ ಮೊಟ್ಟೆ ಎತ್ತುತ್ತಾರೆ, ದೋರನಹಳ್ಳಿಯಿಂದ ತಮ್ಮ ಬಂದನೆಂದರೆ ಏನೋ ಮನಸ್ಸಿನಲ್ಲಿಟ್ಟುಕೊಂಡೇ ಬಂದಿದ್ದಾನೆ. ಯಾದಗಿರಿ ಕಡೆಯ ಗುಡ್ಡದ ಬುಡದಲ್ಲಿರುವ ಆ ರೈಲ್ವೆ ಕಾಲೋನಿಯಲ್ಲಿ ಆಕೆಯ ಅನುಮಾನಕ್ಕೆ ಸಿಗದ ಮನೆ ಒಂದೂ ಇರಲಿಲ್ಲ.

ಮೊದಲಿನಿಂದ ಹಾಗಿರಲಿಲ್ಲವಂತೆ. ಹಳಿ ಕಾಯುತ್ತಿದ್ದ ಗಂಡ ಅಮಾತೆಪ್ಪ ತೀರಿಕೊಂಡ ಮೇಲೆ ಅನುಕಂಪದ ನೌಕರಿಯೆಂದು ಹತ್ತಿರದ ವ್ಯಾಗನ್ ವರ್ಕ್‌ಶಾಪಿನ ಟೂಲ್‌ರೂಮು ಆಕೆಯ ಪಾಲಿಗೆ ಬಂತು. ಹೊಸದರಲ್ಲೇ ಒಬ್ಬ ಸಿಹಿಸಿಹಿ ಮಾತಾಡಿ ಡ್ರಿಲ್ ಒಯ್ದವನು ಮತ್ತೆ ಮುಖ ತೋರಿಸಲಿಲ್ಲ. ಮೇಲಿನವರು ಎಲ್ಲರೆದುರು ಬೈದದ್ದು ಆಕೆಯನ್ನೇ. ಅಂದಿನಿಂದ ಲಾಲಮ್ಮ ಮನುಷ್ಯರನ್ನು ಬಿಟ್ಟು ಮೊಳೆಗಳನ್ನು ನಂಬತೊಡಗಿದಳು.

ಅಲ್ಲಿನ ಪದ್ಧತಿ ಸರಳ. ಪ್ರತಿಯೊಬ್ಬ ಕೆಲಸಗಾರನಿಗೂ ಅವನ ನಂಬರು ಕೊರೆದ ಹಿತ್ತಾಳೆ ಬಿಲ್ಲೆಗಳಿರುತ್ತವೆ. ಒಂದೊಂದು ಸಾಮಾನಿಗೂ ಒಂದೊಂದು ಮೊಳೆ; ಸಾಮಾನು ಒಯ್ಯುವವನು ಅದರ ಮೊಳೆಗೆ ತನ್ನ ಬಿಲ್ಲೆ ನೇತುಹಾಕಬೇಕು. ಸಾಮಾನು ತಂದುಕೊಟ್ಟ ಮೇಲೆ ಬಿಲ್ಲೆ ವಾಪಸ್. ಮೊಳೆ ಬರಿದಾಗಿದ್ದರೆ ಕಳವು ಎಂದೇ ಲೆಕ್ಕ.

ಆ ವರ್ಷ ಆಯುಧಗಳನ್ನು ಪೂಜಿಸುವ ಖಂಡೇಪೂಜೆಯ ರಜೆ ಮುಗಿಸಿ ಬಾಗಿಲು ತೆಗೆದರೆ, ವೆಲ್ಡಿಂಗ್ ಅಳೆಯುವ ಗೇಜಿನ ಮೊಳೆ ಬರಿದು! ಗೇಜೂ ಇಲ್ಲ, ಬಿಲ್ಲೆಯೂ ಇಲ್ಲ. ಈ ಸಲ ಬರೀ ಬೈಗುಳಕ್ಕೆ ಮುಗಿಯುವುದಿಲ್ಲ, ಗಂಡನ ಜೀವಕ್ಕೆ ಬದಲಾಗಿ ಬಂದ ನೌಕರಿಯೇ ಹೋದೀತು. ಲಾಲಮ್ಮ ಬಂದಬಂದವರ ಕೈ ನೋಡಿದಳು, ಚೀಲ ನೋಡಿದಳು, ನಕ್ಕವನನ್ನು ಎರಡು ಸಲ ನೋಡಿದಳು.

ಮರುದಿನ ಫೋರ್‌ಮನ್ ಸಂಜೀವಕುಮಾರ ಎಲ್ಲರ ಪೆಟ್ಟಿಗೆ ತೆಗೆಸಿದ. ಗೇಜು ಸಿಕ್ಕಿದ್ದು ಗುತ್ತಿಗೆ ವೆಲ್ಡರ್ ನಸೀರುದ್ದೀನನ ಪೆಟ್ಟಿಗೆಯಲ್ಲಿ. ಅವನು ತಂಗಿಯ ಮದುವೆ ಮುಗಿಸಿಕೊಂಡು ಆಗಷ್ಟೇ ಗೋಗಿ ಊರಿನಿಂದ ಬಂದಿದ್ದ.

“ಅಕ್ಕಾ, ಹಬ್ಬಕ್ಕ ಮೊದ್ಲs ಒಯ್ದಿದ್ದೆ. ಬಿಲ್ಲಿ ಹಾಕೇ ಒಯ್ದೀನ್ರಿ,” ಎಂದ.

“ಹಾಕಿದ್ರ ಮೊಳಿ ನುಂಗಿತೇನೋ? ನನಗ ಕಣ್ಣಿಲ್ಲೇನು?”

“ಸುಳ್ಳ ಹೇಳಿ ನನಗೇನ್ ಬರೋದದರಿ ಅಕ್ಕಾ?”

“ಕದ್ದವ್ರೆಲ್ಲಾ ಹಿಂಗs ಅಂತಾರ.”

ಗೇಟ್ ಪಾಸ್ ಕಸಿದುಕೊಂಡು ಅವನನ್ನು ಹೊರಗೆ ಕಳಿಸಿದರು. ಅಂದು ಲಾಲಮ್ಮ ಹೊಟ್ಟೆತುಂಬ ಉಂಡಳು.

ಟೂಲ್‌ರೂಮಿನಲ್ಲಿ ಮಾಡಿದ್ದ ಪೂಜೆಯ ಹೂವು ಯಾರ ಕಾಲಡಿಗೂ ಬೀಳಬಾರದೆಂದು ಆಕೆ ಗಂಟು ಕಟ್ಟಿ ಮೂಲೆಯಲ್ಲಿಟ್ಟಿದ್ದಳು. ಭಾನುವಾರ ಭೀಮಾ ಹೊಳೆಗೆ ಬಿಡಲು ಹೋಗಿ ಗಂಟು ಬಿಚ್ಚಿದರೆ, ಬಾಡಿದ ಚೆಂಡು ಹೂವಿನ ನಡುವೆ ಒಂದು ಬಿಲ್ಲೆ ಫಳಫಳ ಹೊಳೆಯುತ್ತಿತ್ತು. ನಸೀರುದ್ದೀನನ ನಂಬರು.

ಆಗ ನೆನಪಾಯಿತು. ಪೂಜೆಯ ಮುನ್ನಾದಿನ ಟೂಲ್‌ರೂಮಿನಲ್ಲಿ ಪೂಜೆಯ ಹಿತ್ತಾಳೆ ಸಾಮಾನು ಬೆಳಗಿದ ಕೈಯಲ್ಲೇ ಮೊಳೆಯ ಮೇಲಿದ್ದ ಬಿಲ್ಲೆಗಳನ್ನೂ ಬಾಚಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ದೇವಿಯ ಮುಂದೆ ತಾಟಿನಲ್ಲಿ ಇಟ್ಟವಳು ತಾನೇ. ಪೂಜೆಯ ದಿನ ಉಳಿದವರೆಲ್ಲ ಸಾಮಾನು ತಂದುಕೊಟ್ಟು ತಮ್ಮ ಬಿಲ್ಲೆ ಆರಿಸಿಕೊಂಡಿದ್ದರು. ಗೋಗಿಯಲ್ಲಿದ್ದವನದು ಹೂವಿನಡಿ ಉಳಿದಿತ್ತು. ತಾಟು ಖಾಲಿಯಾಯಿತೆಂದುಕೊಂಡು ಆಕೆ ಅದನ್ನು ಮರೆತೇಬಿಟ್ಟಿದ್ದಳು.

ಹೊಳೆ ಎದುರಿಗೇ ಇತ್ತು. ಕೈ ಸಡಿಲ ಬಿಟ್ಟರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ. ಅಂಥ ಯೋಚನೆ ತನಗೆ ಬಂದದ್ದಕ್ಕೆ ಲಾಲಮ್ಮನಿಗೆ ತನ್ನ ಮೇಲೇ ಹೇಸಿಕೆಯಾಯಿತು. ಬಿಲ್ಲೆಯನ್ನು ಸೆರಗಿಗೆ ಕಟ್ಟಿಕೊಂಡು ನೆಟ್ಟಗೆ ಫೋರ್‌ಮನ್ನನ ಮನೆಗೆ ಹೋದಳು.

“ತಪ್ಪು ನಂದರೀ ಸಾಹೇಬ್ರ. ಆ ಹುಡುಗ ಕದ್ದಿಲ್ಲ. ತೊಳಿಯಾಕಂತ ನಾನs ತಗದಿದ್ದೆ.”

ಫೋರ್‌ಮನ್ ಬಾಯಿಗೆ ಬಂದಂತೆ ಬೈದ. ನೌಕರಿ ಮಾತ್ರ ಉಳಿಯಿತು. ನಸೀರುದ್ದೀನನಿಗೆ ಪಾಸೂ ವಾಪಸ್ ಸಿಕ್ಕಿತು.

ಕೆಲಸಕ್ಕೆ ಮರಳಿದ ದಿನ ಅವನು ಟೂಲ್‌ರೂಮಿಗೆ ಒಬ್ಬನೇ ಬರಲಿಲ್ಲ. ಜೊತೆಗೆ ಇನ್ನೊಬ್ಬ ವೆಲ್ಡರ್ ತಿರುಪತಿಯನ್ನು ಕರೆತಂದಿದ್ದ. ಮೊಳೆಗೆ ಬಿಲ್ಲೆ ಹಾಕಿ, “ನೋಡ್ಕೋ, ಹಾಕೀನಿ,” ಎಂದು ಅವನಿಗೆ ತೋರಿಸಿದ.

ಲಾಲಮ್ಮ ಗೇಜು ಮುಂದೆ ಚಾಚಿ, “ನಸೀರಾ, ನಂದು ತಪ್ಪಾಗ್ಯಾದಪ್ಪಾ,” ಎಂದಳು.

ಅವನು ಆಕೆಯ ಮುಖ ನೋಡಲಿಲ್ಲ. “ತಿರುಪತಿ, ಬಿಲ್ಲಿ ಹಾಕಿದ್ದು ಮೇಡಮ್ ನೋಡ್ಯಾರೋ ಇಲ್ಲೋ, ಕೇಳು,” ಎಂದ.