ಹುಳು ಮೇಯುವ ವಾರದ ರಜೆ

ಈಗಿನ ಶಾಲೆಗಳಲ್ಲಿ ಕೌನ್ಸೆಲರ್ ಅಂತ ಒಬ್ಬರು ಇರುತ್ತಾರಂತೆ. ಮನಸ್ಸಿಗೆ ಬೇಜಾರಾದರೆ ಹೋಗಿ ಮಾತಾಡಬಹುದು ಎಂದು ಮೊಮ್ಮಗಳು ಹೇಳಿದಳು. ಹೌ ನೈಸ್, ಅಂದೆ. ನನಗೆ ಹಾಗೆ ಹೇಳಿಕೊಳ್ಳಲು ಇದ್ದವಳು ಅವ್ವ ಒಬ್ಬಳೇ. ಅವಳಿದ್ದದ್ದು ಅಕ್ಕೂರಿನ ನಮ್ಮ ರೇಷ್ಮೆ ಸಾಕುವ ಮನೆಯಲ್ಲಿ, ನಾನಿದ್ದದ್ದು ಬೆಂಗಳೂರಿನ ಕಾನ್ವೆಂಟ್ ಬೋರ್ಡಿಂಗಿನಲ್ಲಿ.

ಡಾರ್ಮಿಟರಿಯಲ್ಲಿ ನಾನು ಟ್ರಂಕು ತೆರೆದಾಗಲೆಲ್ಲ ಪಕ್ಕದ ಮಂಚದವಳು ಮೂಗು ಮುಚ್ಚಿಕೊಂಡು, "ಸಿಲ್ಕ್‌ವರ್ಮ್ ವಾಸನೆ!" ಅನ್ನುತ್ತಿದ್ದಳು. ಊಟಕ್ಕೆ ಕೂತರೆ ನನ್ನ ಎರಡೂ ಪಕ್ಕದ ಕುರ್ಚಿ ಖಾಲಿ. ಬರಬರುತ್ತಾ ಊಟ ಸೇರದಾಯಿತು. ಕ್ಲಾಸಿನಲ್ಲಿ ಗೊತ್ತಿದ್ದ ಉತ್ತರಕ್ಕೂ ಕೈ ಎತ್ತುತ್ತಿರಲಿಲ್ಲ. ದಸರಾ ರಜೆಗೆ ಹೋದಾಗ ಅವ್ವನಿಗೆ ಎಲ್ಲ ಹೇಳಿಬಿಡುವುದು, ವಾಪಸ್ ಬರಲೇಬಾರದು ಅಂತ ಡಿಸೈಡ್ ಮಾಡಿಕೊಂಡೆ. ಬಸ್ಸಿನಲ್ಲಿ ಯಾರೂ ಮೂಗು ಮುಚ್ಚದಿರಲಿ ಎಂದು ಹೊರಡುವ ದಿನ ಸೋಪು ಉಜ್ಜಿ ಉಜ್ಜಿ ಮಿಂದು, ಮೈಗೆಲ್ಲ ಪೌಡರ್ ಬಳಿದುಕೊಂಡೆ.

ಜಗಲಿ ಹತ್ತುವ ಮೊದಲೇ ಅಜ್ಜಿ ಕೈ ಅಡ್ಡ ಹಿಡಿದಳು.

"ಅಲ್ಲೇ ನಿಂತ್ಕೊ ಕಣವ್ವ! ಹುಳ ನಾಕ್ನೇ ಜ್ವರ ಎದ್ದವೆ. ಅದೇನ್ ಗಮಗಮ ಬಳ್ಕೊಂಡ್ ಬಂದಿದ್ದೀಯೆ, ಮದ್ವೆ ಹೆಣ್ಣಂಗೆ?"

ಜ್ವರ ಅಂದರೆ ಹುಳು ಪೊರೆ ಬಿಡುವುದು; ನಾಲ್ಕನೆಯ, ಕೊನೆಯ ಜ್ವರ ಎದ್ದ ರೇಷ್ಮೆಹುಳು ಆಮೇಲಿನ ಒಂದು ವಾರ ಬಿಡುವಿಲ್ಲದೆ ಸೊಪ್ಪು ಮೇಯುತ್ತದೆ. ಮನೆಯೊಳಗೆಲ್ಲ ಹುಳುವಿನ ತಟ್ಟೆಗಳೇ. ಸೋಪು, ಪೌಡರಿನ ವಾಸನೆ ಸೋಕಿದರೆ ಬೆಳೆ ಕೆಡುತ್ತದೆ ಎಂಬ ಭಯ. ಸೀಗೆಪುಡಿ ಹಾಕಿ ತಲೆಗೆ ನೀರೆರೆದ ಮೇಲೂ ಅಜ್ಜಿ ನನ್ನ ಕೂದಲು ಮೂಸಿ, "ಇನ್ನೂ ಒಸಿ ಐತೆ" ಅಂದಳು. ಜಗಲಿಯಲ್ಲೇ ನನ್ನ ಚಾಪೆ, ಜಗಲಿಯಲ್ಲೇ ನನ್ನ ಊಟ. ಅವ್ವ ಸೊಪ್ಪಿನ ಮಂಕರಿ ಹೊತ್ತು ನನ್ನನ್ನು ಸುತ್ತಿ ಬಳಸಿ ಓಡಾಡುತ್ತಿದ್ದಳು.

ರಜೆಯ ಕೊನೆಯ ಸಂಜೆ ಅವ್ವ ಹೊಸಿಲಿನ ಆಚೆ ಬಂದು ಕೂತಳು. ನಿದ್ದೆಗೆಟ್ಟ ಕೆಂಪು ಕಣ್ಣು.

"ಯಾಕವ್ವ ಇಷ್ಟ್ ಸಣ್ಣಗಾಗಿದ್ದೀಯೆ? ಅಲ್ಲಿ ಚೆನ್ನಾಗ್ ನೋಡ್ಕೋತಾರಾ?"

ಬಾಯಿ ತೆರೆದೆ. ಒಳಗಿಂದ ಅಪ್ಪ, "ಲೇ, ಸೊಪ್ಪು ಆಗೋಯ್ತು, ಬಾರೇ" ಎಂದು ಕೂಗಿದರು. ಅವ್ವ ಏಳಲಿಲ್ಲ. ನನ್ನ ಮಾತಿಗೆ ಕಾಯುತ್ತಿದ್ದಳು; ಕಾಯುತ್ತಲೇ ರೆಪ್ಪೆ ಮುಚ್ಚಿಕೊಳ್ಳುತ್ತಿದ್ದವು.

"ಚೆನ್ನಾಗ್ ನೋಡ್ಕೋತಾರೆ ಕಣವ್ವ" ಅಂದೆ.

"ಅಷ್ಟ್ ಸಾಕು ಬುಡು" ಎಂದು ನಕ್ಕು ಒಳಗೆ ಹೋದಳು.

ಮರುದಿನ ಬಸ್ಸು ಹತ್ತಿದೆ. ಸ್ಕೂಲ್ ಮುಗಿಯುವವರೆಗೂ ಅಲ್ಲೇ ಓದಿದೆ. ನಮ್ಮ ಹುಡುಗಿಗೆ ಕಾನ್ವೆಂಟು ಚೆನ್ನಾಗಿ ಒಗ್ಗಿಬಿಟ್ಟಿತ್ತು, ಒಂದು ದಿನವೂ ಅಳಲಿಲ್ಲ ಎಂದು ಅವ್ವ ಕಡೆಯವರೆಗೂ ಬಂದವರಿಗೆಲ್ಲ ಹೇಳುತ್ತಿದ್ದಳು.