ದೇಸಾಯಿ ಸರ್ ಬರೆದ ಒಂದೇ ಒಂದು ಸಾಲು

ಗೆಳೆಯರೇ, ಕಂಪನಿಯಿಂದ ಹೊರಹೋಗುವ ಸಾಫ್ಟ್‌ವೇರ್ ಪರೀಕ್ಷಿಸಿ ಸಹಿ ಹಾಕುವುದು ನನ್ನ ಕೆಲಸ. ಇವತ್ತು ನಮ್ಮ ಟೀಮ್ ಲೀಡ್ ದೇಸಾಯಿಯವರ ಒಂದು ಫೈಲನ್ನು ತಡೆದು ನಿಲ್ಲಿಸಿದೆ. ಸಂಜೆ ಆಸ್ಪತ್ರೆಯೊಂದಕ್ಕೆ ಹೋಗಬೇಕಿದ್ದ ಸಾಫ್ಟ್‌ವೇರ್‌ನಲ್ಲಿ ಅದಿತ್ತು. ನೋಡಿದರೆ ಯಾರೋ ಬರೆದು ಎಲ್ಲರ ಬಳಕೆಗೆ ಬಿಟ್ಟಿದ್ದ ಹಳೆಯ ಲೈಬ್ರರಿ ಫೈಲು, ರೋಗಿಗಳ ಮಾಹಿತಿ ಕದಿಯಲು ದಾರಿ ಬಿಡುವಂಥದ್ದು.

“ಹಳೇದಲ್ರಿ ಮೇಡಂ, ನಾನ ಬರದೀನಿ. ಹೆಸರು ನೋಡ್ರಿ,” ಎಂದರು.

“ಹೆಸರು ನಿಮ್ಮದ ಐತ್ರಿ ಸರ್. ಹ್ಯಾಶ್ ಮಾತ್ರ ಹಳೇ ಫೈಲಿಂದು.”

ಹ್ಯಾಶ್ ಎಂದರೆ ಫೈಲಿನೊಳಗಿನ ಅಕ್ಷರಗಳಿಂದ ಹುಟ್ಟುವ ಗುರುತಿನ ಸಂಖ್ಯೆ. ಮೇಲಿನ ಹೆಸರಿಗೆ ಅದು ಸೊಪ್ಪು ಹಾಕುವುದಿಲ್ಲ.

ಅವರು ಹೋಗಿ ಫೈಲಿನ ಕೊನೆಗೆ ಒಂದು ಖಾಲಿ ಸಾಲು ಸೇರಿಸಿ ಬಂದರು. “ಈಗ ನೋಡ್ರಿ!”

ಹ್ಯಾಶ್ ಪೂರ್ತಿ ಬದಲಾಗಿತ್ತು. ಅವರ ಮುಖ ಅರಳಿತು.

“ಈಗ ಇದು ಯಾರಿಗೂ ಗುರುತಿಲ್ಲದ ಫೈಲ್ ಆತ್ರಿ. ಇಂಥಾದ್ದಕ್ಕ ಬರದವರ ಕೂತು ಒಂದೊಂದು ಸಾಲೂ ತಿಳಿಸಿ ಹೇಳಬೇಕು. ಬರ್ರಿ,” ಎಂದು ಪಕ್ಕದ ಕುರ್ಚಿ ಎಳೆದೆ.

ಕೂತರು. ಮೂರನೇ ಸಾಲಿಗೇ ತಲೆ ಕೆರೆದುಕೊಂಡು ನನ್ನನ್ನೇ ಕೇಳಿದರು: “ಇದನ್ನ ಹಿಂಗ್ಯಾಕ ಬರದಾರ್ರಿ?”

ನಾನು ಸಹಿ ಹಾಕಲಿಲ್ಲ. ಸಾಫ್ಟ್‌ವೇರ್ ನಾಳೆ ಹೋಗುತ್ತದೆ, ಸುಧಾರಿಸಿದ ಹೊಸ ಫೈಲಿನೊಂದಿಗೆ. ಆ ಖಾಲಿ ಸಾಲನ್ನು ಮಾತ್ರ ಅವರೇ ಬರೆದದ್ದು ಎಂದು ಎಲ್ಲಿ ಬೇಕಾದರೂ ಸಹಿ ಮಾಡಿಕೊಡುತ್ತೇನೆ.