ಸೋಮವಾರದ ಕಪ್ಪೆ

ಜಮಖಂಡಿಯಲ್ಲಿ ನಾನು ಸೇವೆ ಸಲ್ಲಿಸಿದ ಆಸ್ಪತ್ರೆಯ ಸ್ಮರಣ ಸಂಚಿಕೆ ಕಳೆದ ತಿಂಗಳು ಕೈಸೇರಿತು. ಹಿಂದಿನ ಕಾಲದಲ್ಲಿ ಬಸಿರಿನ ಪರೀಕ್ಷೆಗೆ ಬೇಕಾದ ಕಪ್ಪೆಗಳನ್ನು ವೈದ್ಯರೇ ಹಿಡಿದು ತರುತ್ತಿದ್ದರೆಂದು ಅದರಲ್ಲಿ ಅಚ್ಚಾಗಿದೆ. ಅದು ಸುಳ್ಳು. ತರುತ್ತಿದ್ದವನು ಜವಾನ ಹೊಳೆಪ್ಪ. ಆ ಪರೀಕ್ಷೆಗಳ ದಾಖಲೆಗಳನ್ನು ಬರೆಯುತ್ತಿದ್ದ ಗುಮಾಸ್ತ ನಾನು.

ಬಸುರಿಯ ಮೂತ್ರದಲ್ಲಿ ಒಂದು ಹಾರ್ಮೋನು ಇರುತ್ತದೆ. ಆ ಮೂತ್ರವನ್ನು ಗಂಡು ನೆಲಗಪ್ಪೆಯ ಚರ್ಮದಡಿ ಚುಚ್ಚಿದರೆ ಮೂರು ತಾಸಿನಲ್ಲಿ ಅದು ವೀರ್ಯಾಣು ಬಿಡುತ್ತದೆ, ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಕಪ್ಪೆ ಯಾವ ತಿಂಗಳಲ್ಲಿ ಎಷ್ಟು ಸ್ಪಂದಿಸುತ್ತದೆಂಬುದೇ ನಮ್ಮ ಡಾಕ್ಟರರ ಸಂಶೋಧನೆ. ಒಮ್ಮೆ ಬಳಸಿದ ಕಪ್ಪೆಗೆ ಎಂಟು ದಿನ ವಿಶ್ರಾಂತಿ ಕೊಡಬೇಕೆಂಬುದು ನಿಯಮ; ಇಲ್ಲವಾದರೆ ಬಸುರಿಯ ಮೂತ್ರಕ್ಕೂ ಅದು ಸ್ಪಂದಿಸದಿರಬಹುದು. ಹೊಳೆಪ್ಪನಿಗೆ ಓದು ಬಾರದು. ಆದರೆ ಕಪ್ಪೆಯ ಬಗಲಿಗೆ ಬೆರಳಿಟ್ಟು ಹಿಡಿದಾಗ ಒದರಿದರೆ ಗಂಡು, ಸುಮ್ಮನಿದ್ದರೆ ಹೆಣ್ಣು ಎಂದು ಬಲ್ಲವನು ಅವನೊಬ್ಬನೇ.

೧೯೬೩ರ ಏಪ್ರಿಲ್ ೧೭, ಬುಧವಾರ. ರಬಕವಿಯ ನೇಕಾರರ ಮನೆಯ ಅನಸವ್ವನಿಗೆ ಮುಟ್ಟು ನಿಂತು ಮೂರು ತಿಂಗಳಾಗಿತ್ತು. ಮದುವೆಯಾಗಿ ಹದಿನಾಲ್ಕು ವರ್ಷ, ಮಕ್ಕಳಿರಲಿಲ್ಲ. ಅವಳ ಮೂತ್ರ ಚುಚ್ಚಿದ ಕಪ್ಪೆ ಏನನ್ನೂ ತೋರಿಸಲಿಲ್ಲ. ಗಡ್ಡೆಯಿರಬೇಕೆಂದು ಎಣಿಸಿ, ಶುಕ್ರವಾರ ಗರ್ಭಕೋಶವನ್ನೇ ತೆಗೆಯುವುದೆಂದು ಡಾಕ್ಟರರು ಗೊತ್ತುಮಾಡಿದರು. ಅನಸವ್ವ ಅಳಲೂ ಇಲ್ಲ. ಖಾಲಿ ಮಗ್ಗಕ್ಕೆ ಇನ್ನೆಷ್ಟು ದಿನ ಕಾವಲು ಕೂಡಬೇಕೆಂದು ಅವಳ ಅತ್ತೆ ವಾರ್ಡಿಗೆಲ್ಲ ಕೇಳುವಂತೆ ಅಂದಳು.

ಗುರುವಾರ ಬೆಳಿಗ್ಗೆ ಹೊಳೆಪ್ಪ ಡಾಕ್ಟರರ ಮೇಜಿನ ಮುಂದೆ ನಿಂತ.

"ಸಾಹೇಬ್ರ, ನಿನ್ನಿ ಚುಚ್ಚಿದ್ದು ಸ್ವಾಮಾರ ಚುಚ್ಚಿದ್ದ ಕಪ್ಪೀನರಿ. ಉಳದಾವೆಲ್ಲ ಬಿಸಲಿಗೆ ಸತ್ತಿದ್ದೂ. ನಾ ಹೇಳಲಿಲ್ಲ."

"ಇಲ್ಲಿತನಕ ಬಾಯಾಗ ಕಪ್ಪಿ ಇಟ್ಕೊಂಡಿದ್ದೇನಲೇ?"

ಡಾಕ್ಟರರು ಬೈದು, ಹೊಸ ಕಪ್ಪೆ ತರಲು ಸಂಜೆಯವರೆಗೆ ಸಮಯ ಕೊಟ್ಟರು. ಹೊಳೆಪ್ಪ ಬಸ್ಸು ಹಿಡಿದು ಗಲಗಲಿಗೆ ಹೋಗಿ, ಹೊಳೆದಂಡೆಯ ತೋಟಗಳಿಂದ ಮೂರು ಗಂಡುಗಳನ್ನು ಒದ್ದೆ ಗೋಣಿಚೀಲದಲ್ಲಿ ತಂದ. ಸಂಜೆ ಆರೂವರೆಗೆ ಮೂರರಲ್ಲಿ ಎರಡು ಸ್ಪಂದಿಸಿದವು. ಶಸ್ತ್ರಚಿಕಿತ್ಸೆ ರದ್ದಾಯಿತು. ಅಕ್ಟೋಬರಿನಲ್ಲಿ ಅನಸವ್ವ ಹೆಣ್ಣುಮಗುವನ್ನು ಹೆತ್ತಳು.

ಹೊಳೆಪ್ಪನಿಗೆ ದೊರೆತದ್ದು ಎಚ್ಚರಿಕೆ ಪತ್ರ. ನಿಯಮ ಮೀರಿ ಕಪ್ಪೆ ಬಳಸಿದ್ದು ಅದರಲ್ಲಿತ್ತು. ತಾನಾಗಿಯೇ ಬಂದು ಒಪ್ಪಿಕೊಂಡದ್ದು ಇರಲಿಲ್ಲ. ಆ ಒಂದು ಸಾಲು ಸೇರಿಸಲು ನಾನು ಎರಡು ಸಲ ಅನುಮತಿ ಕೇಳಿದೆ. ಡಾಕ್ಟರರು ಕೊಡಲಿಲ್ಲ. ಇದ್ದದ್ದನ್ನು ಓದಿ ಹೇಳಿದೆ. ಹೊಳೆಪ್ಪ ಹೆಬ್ಬೆಟ್ಟು ಒತ್ತಿದ.

"ಇರ್ಲಿ ಬಿಡ್ರಿ ರಾಯರ," ಅಂದ. "ನನಗ ಅಷ್ಟ ಸಾಕು. ಆಕಿ ಹೊಟ್ಟಿ ಕೊಯ್ಲಿಲ್ಲಲ್ಲ, ಆತು."